ಅಂಜುವ ಮಗುವಿನ ಮೊದಲ ಚಾರಣ: ತಯಾರಿ ಹೇಗೆ?

ನಾಲ್ಕರಿಂದ ಆರು ವರ್ಷದ ಕೆಲವು ಮಕ್ಕಳು ಹೊಸ ಜಾಗ ಕಂಡರೆ ದೊಡ್ಡವರ ಕೈ ಬಿಡುವುದೇ ಇಲ್ಲ. ಅಂಥ ಮಗುವನ್ನು ಮರಗಳ ನಡುವಿನ ಸಣ್ಣ ನಡಿಗೆಗೆ ಹೊರಡಿಸುವಾಗ ‘ಏನೂ ಆಗಲ್ಲ, ಬಾ’ ಎಂದರೆ ಪ್ರಯೋಜನ ಕಡಿಮೆ. ದಾರಿಯಲ್ಲಿ ಒಂದು ಇರುವೆ ಕಚ್ಚಿದರೂ ಆ ಮಾತು ಸುಳ್ಳಾಗುತ್ತದೆ, ಮುಂದಿನ ಸಲ ಮಗು ನಿಮ್ಮನ್ನು ನಂಬುವುದಿಲ್ಲ. ‘ಇರುವೆ ಕಚ್ಚಬಹುದು, ಕಚ್ಚಿದರೆ ತೊಳೆದು ತಣ್ಣೀರಿನ ಬಟ್ಟೆ ಇಡೋಣ’ ಎಂದು ಹೇಳಿ ನೋಡಿ.

ಮೊದಲು ದಾರಿಯನ್ನು ನೀವೇ ನಡೆದು ಬನ್ನಿ. ಹೋಗಿಬರಲು ಒಟ್ಟು ಒಂದೂವರೆ ಕಿಲೋಮೀಟರ್ ಸಾಕು. ನಿಂತು, ಕೂತು, ಕಲ್ಲು ಹೆಕ್ಕುತ್ತಾ ನಡೆಯುವ ಮಗುವಿಗೆ ಅಷ್ಟಕ್ಕೇ ಒಂದು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಸುತ್ತು ಹಾಕಿ ಬರುವ ದಾರಿಗಿಂತ ಹೋದ ದಾರಿಯಲ್ಲೇ ಮರಳುವುದು ಮೇಲು: ಹಿಂತಿರುಗುವಾಗ ಎಲ್ಲವೂ ಪರಿಚಿತವಾಗಿರುತ್ತದೆ, ಎಲ್ಲಿಂದ ಬೇಕಾದರೂ ವಾಪಸಾಗಬಹುದು. ಆರಂಭದ ಜಾಗ, ತಿರುವು, ಕೂರುವ ಕಲ್ಲು, ಮರಳುವ ಜಾಗ ಇವುಗಳ ಫೋಟೊ ತೆಗೆದು ಹಿಂದಿನ ಸಂಜೆ ಅದೇ ಕ್ರಮದಲ್ಲಿ ತೋರಿಸಿ.

ಅರ್ಧಕ್ಕೇ ನಿಂತುಹೋಗುವ ನಡಿಗೆಗಳಲ್ಲಿ ಎಷ್ಟೋ ಕೆಡುವುದು ಭಯದಿಂದಲ್ಲ, ಪಾದದಿಂದ. ಹೊಸ ಶೂ ಆದರೆ ಒಂದು ವಾರ ಮೊದಲಿನಿಂದ ದಿನಾ ಅರ್ಧ ಗಂಟೆ ಮನೆಯಲ್ಲೇ ಹಾಕಿಸಿ. ಮಗು ನಿಂತಿರುವಾಗ ಉದ್ದನೆಯ ಬೆರಳಿಗೂ ಶೂವಿನ ತುದಿಗೂ ನಡುವೆ ಸುಮಾರು ಒಂದು ಸೆಂಟಿಮೀಟರ್ ಜಾಗ ಇರಲಿ. ಕಾಲುಚೀಲದ ಹೊಲಿಗೆ ಬೆರಳಿನ ಮೇಲೆ ಮಡಚಿಕೊಂಡರೆ ಬೊಕ್ಕೆ ಏಳುತ್ತದೆ. ‘ಇಲ್ಲಿ ಬಿಸಿ ಆಗ್ತಿದೆ’ ಎಂದ ಕೂಡಲೇ ಶೂ ಬಿಚ್ಚಿಸಿ, ಆ ಜಾಗಕ್ಕೆ ಅಂಟುಪಟ್ಟಿ ಹಾಕಿ. ಬೊಕ್ಕೆ ಎದ್ದ ಮೇಲೆ ಹೊತ್ತುಕೊಂಡೇ ಬರಬೇಕಾದೀತು.

ಚೀಲವನ್ನು ಮಗುವೇ ತುಂಬಲಿ. ಭಾರ ದೇಹತೂಕದ ಹತ್ತನೇ ಒಂದು ಪಾಲು ಮೀರಬಾರದು. 18 ಕಿಲೋ ತೂಗುವ ಮಗುವಿಗೆ 1.8 ಕಿಲೋ ಮೇಲ್ಮಿತಿ, ಒಂದು ಕಿಲೋ ಒಳಗಿದ್ದರೆ ಒಳ್ಳೆಯದು. ಅರ್ಧ ಲೀಟರ್ ನೀರು, ತಿಂಡಿ, ಟೋಪಿ, ಒಂದು ಜೊತೆ ಕಾಲುಚೀಲ, ಅಂಟುಪಟ್ಟಿ, ಸೀಟಿ. ಇವುಗಳ ಚಿತ್ರ ಬರೆದ ಚೀಟಿ ಕೊಟ್ಟು ಗುರುತು ಹಾಕಿಸಿ. ಎಲ್ಲವನ್ನೂ ಎರಡೆರಡು ಸಲ ನೋಡುವ ಸ್ವಭಾವ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಬೇಗ ಮುಗಿಸು ಎನ್ನಬೇಡಿ. ಮಳೆಯಂಗಿ, ಉಳಿದ ನೀರು ನಿಮ್ಮ ಬೆನ್ನಿಗೆ.

ಸೀಟಿಯನ್ನು ಕೊರಳಿಗೆ ಕಟ್ಟಬೇಡಿ. ದಾರ ಕೊಂಬೆಗೆ ಸಿಕ್ಕಿಕೊಂಡರೆ ಅಪಾಯ. ಚೀಲದ ಪಟ್ಟಿಗೆ ಸಿಕ್ಕಿಸಿ. ‘ನಾನು ಕಾಣದಿದ್ದರೆ ಇದ್ದಲ್ಲೇ ನಿಲ್ಲು, ಹತ್ತಿರದ ಮರ ಹಿಡಿದುಕೋ, ಮೂರು ಸಲ ಊದು’ ಎಂಬುದನ್ನು ಮನೆಯ ಸುತ್ತ ಆಟವಾಗಿ ಆಡಿಸಿ. ಮೂರು ಸಲ ಊದುವುದು ನೆರವು ಕೇಳುವ ಸಂಕೇತವೆಂದು ಹಲವೆಡೆ ಬಳಕೆಯಲ್ಲಿದೆ. ಮೊದಲು ನೀವು ಅಡಗಿ, ಮಗು ಊದಲಿ, ಆಮೇಲೆ ಅದಲುಬದಲು. ಹುಡುಕುವ ಪಾತ್ರ ಸಿಕ್ಕರೆ ಕಳೆದುಹೋಗುವ ಅಂಜಿಕೆ ಬಹಳ ಮಟ್ಟಿಗೆ ಇಳಿಯುತ್ತದೆ.

ಹೊರಡುವ ದಿನ ಹೊಟ್ಟೆ ತುಂಬಿರಲಿ. ದಾರಿಯಲ್ಲಿ ಹದಿನೈದು–ಇಪ್ಪತ್ತು ನಿಮಿಷಕ್ಕೊಮ್ಮೆ ಎರಡು ಗುಟುಕು ನೀರು ಕುಡಿಸಿ. ಬಾಯಾರಿಕೆ ಎಂದು ಹೇಳಲು ತಿಳಿಯದೆ ಮಕ್ಕಳು ಹಟ ಹಿಡಿಯುವುದುಂಟು. ಮಗು ನಿಂತುಬಿಟ್ಟರೆ ಎಳೆಯಬೇಡಿ. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಅದು ನೋಡುತ್ತಿರುವುದನ್ನೇ ನೀವೂ ನೋಡಿ. ಆಮೇಲೆ ‘ಆ ಕಲ್ಲಿನ ತನಕ ಹೋಗೋಣವೋ, ಇಲ್ಲೇ ತಿಂಡಿ ತಿನ್ನೋಣವೋ?’ ಎಂದು ಕೇಳಿ. ‘ವಾಪಸ್’ ಎಂದರೆ ವಾಪಸಾಗುತ್ತೇವೆ ಎಂಬ ಒಪ್ಪಂದ ಮೊದಲೇ ಆಗಿದ್ದರೆ ಅದನ್ನು ಮುರಿಯಬೇಡಿ. ‘ಇನ್ನೊಂದು ಸ್ವಲ್ಪ’ ಎಂದು ಪುಸಲಾಯಿಸಿದವರ ಜೊತೆ ಎರಡನೇ ನಡಿಗೆಗೆ ಮಗು ಹೊರಡುವುದು ಅನುಮಾನ.

ಮನೆಗೆ ಬಂದ ಮೇಲೆ ಕಿವಿಯ ಹಿಂದೆ, ಕಂಕುಳು, ಮೊಣಕಾಲಿನ ಹಿಂಭಾಗ, ಸೊಂಟಪಟ್ಟಿ ಇರುವಲ್ಲಿ ಉಣುಗು ಅಂಟಿದೆಯೇ ನೋಡಿ. ಇದ್ದರೆ ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು, ತಿರುಚದೆ, ನೇರ ಮೇಲಕ್ಕೆ ಎಳೆದು ಸೋಪು ನೀರಿನಲ್ಲಿ ತೊಳೆಯಿರಿ. ಎಣ್ಣೆ ಹಚ್ಚಬೇಡಿ. ಮುಂದಿನ ದಿನಗಳಲ್ಲಿ ಜ್ವರ ಅಥವಾ ಕೆಂಪು ಗುಳ್ಳೆ ಕಂಡರೆ ವೈದ್ಯರಿಗೆ ತೋರಿಸಿ, ಉಣುಗು ಕಚ್ಚಿದ್ದನ್ನೂ ತಿಳಿಸಿ.