ಹಕ್ಕಿ ಹಿಕ್ಕೆ ಉಜ್ಜಬೇಡಿ, ನೆನೆಸಿ

ಹೋದ ಭಾನುವಾರ ಹನ್ನೊಂದು ಗಂಟೆ ಬಿಸಿಲಲ್ಲಿ ನಮ್ಮ ಮೊಮ್ಮಗ ಅಂಗಳದಲ್ಲಿ ನಿಂತು, ಕಾರಿನ ಬಾನೆಟ್ ಮೇಲೆ ಒಣಗಿ ಕೂತಿದ್ದ ಹಕ್ಕಿ ಹಿಕ್ಕೆಯನ್ನು ಜೀನ್ಸ್ ತುಂಡಿನಿಂದ ಗಸಗಸ ಉಜ್ಜುತ್ತಿದ್ದ. ಬಳ್ಳಾರಿಯಲ್ಲಿ ಜೀನ್ಸ್ ತುಂಡಿಗೇನು ಬರ? ಹೊಲಿಯುವವರು ಓಣಿ ಓಣಿಗೆ ಇದ್ದಾರೆ. "ಏ, ನಿಲ್ಸೋ" ಅಂದರೆ "ಅಜ್ಜಿ, ಹೋಗ್ತೈತೆ ಬಿಡು" ಅಂದ. ಹೋಯಿತು. ಹಿಕ್ಕೆಯ ಜೊತೆಗೆ ಹೊಳಪೂ ಹೋಯಿತು. ಈಗ ವಾರೆಯಾಗಿ ನಿಂತು ನೋಡಿದರೆ ಅಲ್ಲಿ ಸುತ್ತು ಸುತ್ತಾಗಿ ಗೀರು ಕಾಣುತ್ತವೆ. ಆ ಸಿಟ್ಟಿಗೇ ಇದನ್ನು ಬರೆಯುತ್ತಿದ್ದೇನೆ.

ಹಿಕ್ಕೆ ಅಂದರೆ ಬರೀ ಕೊಳೆ ಅಂದುಕೊಂಡಿದ್ದೀರಿ, ಅಲ್ವಾ? ಹಕ್ಕಿ ಮೂತ್ರ ಬೇರೆ ಮಾಡುವುದಿಲ್ಲ. ಆ ಬಿಳಿ ಭಾಗವೇ ಅದು, ಯೂರಿಕ್ ಆ್ಯಸಿಡ್. ನೀರು ಚಿಮುಕಿಸಿದ ಕೂಡಲೇ ಕರಗುವ ಜಾತಿಯಲ್ಲ. ನಡುವೆ ಮಣ್ಣಿನ ಕಾಳು ಇರುತ್ತದೆ, ಬೇವಿನ ಹಣ್ಣಿನ ಕಾಲದಲ್ಲಿ ಗೊರವಂಕ, ಕೋಗಿಲೆ ನುಂಗಿದ ಬೀಜವೂ ಇರುತ್ತದೆ. ಅದರ ಮೇಲೆ ನಮ್ಮೂರಿನ ಅದಿರಿನ ಕೆಂಪು ಧೂಳು. ಇಷ್ಟನ್ನೂ ಸೇರಿಸಿ ಒಣ ಬಟ್ಟೆಯಲ್ಲಿ ಉಜ್ಜಿದರೆ ಉಪ್ಪುಕಾಗದ ಹಾಕಿ ತಿಕ್ಕಿದಂತೆಯೇ. ಬಣ್ಣದ ಮೇಲಿನ ಕ್ಲಿಯರ್ ಕೋಟ್, ಅಂದರೆ ಹೊಳಪು ಕೊಡುವ ಪಾರದರ್ಶಕ ಪದರ, ಕೂದಲೆಳೆಗಿಂತ ತೆಳ್ಳಗಿರುತ್ತದೆ, ಎಷ್ಟು ತಡೆದೀತು?

ಇನ್ನು ಬಿಸಿಲು. 40 ಡಿಗ್ರಿ ದಾಟಿದ ಮೇಲೆ ಬಾನೆಟ್ ರೊಟ್ಟಿ ಹಂಚಿನ ಹಾಗೆ ಕಾಯುತ್ತದೆ. ಆಗ ಬಣ್ಣ ಮೆತ್ತಗಾಗಿ ಹಿಗ್ಗುತ್ತದೆ. ರಾತ್ರಿ ತಣ್ಣಗಾದಾಗ ಹಿಕ್ಕೆಯ ಸುತ್ತ ಬಿಗಿದುಕೊಂಡು ಅದರ ಅಚ್ಚನ್ನೇ ಹಿಡಿದುಬಿಡುತ್ತದೆ. ಆದ್ದರಿಂದ ಬೆಳಿಗ್ಗೆ ಬಿದ್ದದ್ದನ್ನು ಆ ದಿನವೇ ತೆಗೆಯಬೇಕು. ಆದರೆ ಕಾದ ತಗಡಿನ ಮೇಲೆ ಅಲ್ಲ. ನೆರಳಿಗೆ ತನ್ನಿ, ಅಂಗೈ ಇಟ್ಟರೆ ಸುಡಬಾರದು.

ಈಗ ನಾನು ಮಾಡುವ ಕೆಲಸ ಹೇಳುತ್ತೇನೆ. ಹಳೆಯ ಹತ್ತಿ ಪಂಚೆ ಬೇಕು, ಒಗೆದು ಒಗೆದು ಬೆಣ್ಣೆಯಂತಾದದ್ದು. ಅಂಚಿನ ಜರಿ ಹರಿದು ಬಿಸಾಕಿ, ಅದೇ ಗೀರುವುದು. ಅಂಗೈಯಗಲದ ತುಂಡುಗಳನ್ನು ಒಂದು ಹಿಡಿ ಮಾಡಿಕೊಳ್ಳಿ. ಉಗುರು ಬೆಚ್ಚಗಿನ ನೀರಿಗೆ ಕಾರು ತೊಳೆಯುವ ಶಾಂಪೂ ಒಂದಿಷ್ಟು, ನೊರೆ ಬಂದರೆ ಸಾಕು. ಬೋರ್ ನೀರು ಬೇಡ, ಒಣಗಿದ ಮೇಲೆ ಅದರದ್ದೇ ಬಿಳಿ ಚುಕ್ಕೆ ಉಳಿಯುತ್ತದೆ. ನಲ್ಲಿ ನೀರು ಬಂದ ದಿನ ಒಂದು ಕೊಡ ಎತ್ತಿಡಿ. ಎರಡು ತುಂಡು ಅದ್ದಿ, ಹಿಂಡದೆ, ತೊಟ್ಟಿಕ್ಕುವಂತೆಯೇ ಹಿಕ್ಕೆಯ ಮೇಲೆ ಹಾಸಿ. ನಮ್ಮ ಬಿಸಿಗಾಳಿಗೆ ಒದ್ದೆ ಬಟ್ಟೆ ನೆರಳಲ್ಲೂ ಐದು ನಿಮಿಷ ಉಳಿಯುವುದಿಲ್ಲ, ಅದಕ್ಕೆ ಖಾಲಿ ಹಾಲಿನ ಪ್ಯಾಕೆಟ್ ಕತ್ತರಿಸಿ, ತೊಳೆದು, ಬಿಡಿಸಿ ಮೇಲೆ ಮುಚ್ಚುತ್ತೇನೆ. ಅಂಚು ಒತ್ತಿದರೆ ಒದ್ದೆಗೆ ತಾನೇ ಅಂಟಿಕೊಳ್ಳುತ್ತದೆ. ನೋಡಿದವರು ನಗುತ್ತಾರೆ, ನಗಲಿ. ಒಂದು ಲೋಟ ಚಹಾ ಮಾಡಿ ಕುಡಿದು, ಲೋಟ ತೊಳೆದಿಟ್ಟು ಬನ್ನಿ. ಹಳೆಯದಾಗಿದ್ದರೆ ಇನ್ನೊಂದು ಸಲ ನೀರು ಹನಿಸಿ ಮುಚ್ಚಿ. ಆಮೇಲೆ ಎಳೆಯಬೇಡಿ, ಒರೆಸಬೇಡಿ. ಎರಡು ಬೆರಳಲ್ಲಿ ಅಂಚಿನಿಂದ ನಡುವಿಗೆ ಬಟ್ಟೆಯನ್ನು ಸುರುಳಿ ಸುತ್ತುತ್ತಾ ಎತ್ತಿಬಿಡಿ. ಬೀಜ, ಮರಳು ಎಲ್ಲ ಸುರುಳಿಯೊಳಗೆ ಹೋಗುತ್ತದೆ. ಉಳಿದದ್ದಕ್ಕೆ ಹೊಸ ತುಂಡು. ಅದನ್ನೇ ತಿರುಗಿಸಿ ಮತ್ತೆ ಇಟ್ಟಿರೋ, ಮೊದಲಿನ ಮರಳಿನಿಂದಲೇ ಗೀರು.

ಇದನ್ನು ನಾನು ಕಲಿತದ್ದು ಹಾಲು ಹತ್ತಿದ ಪಾತ್ರೆಯಿಂದ. ಹೊಸ ಸೊಸೆಯಂದಿರು ತಳವನ್ನು ಚಮಚದಲ್ಲಿ ಕೆರೆಯುತ್ತಾರೆ, ಮುಂದಿನ ಸಲ ಹಾಲು ಅಲ್ಲೇ ಹತ್ತುತ್ತದೆ. ರಾತ್ರಿ ನೀರು ಹಾಕಿಟ್ಟರೆ ಬೆಳಿಗ್ಗೆ ತಾನೇ ಎದ್ದು ಬರುತ್ತದೆ, ಯಾರು ಕೇಳಬೇಕು ಹೇಳಿ. ನಮ್ಮ ಯಜಮಾನರ ಹತ್ತಿರ ಕೆನೆ ಬಣ್ಣದ ಅಂಬಾಸಿಡರ್ ಇತ್ತು, ಬೇವಿನ ಮರದ ಕೆಳಗೇ ನಿಲ್ಲಿಸುತ್ತಿದ್ದರು. ದಿನಾ ಪೂಜೆ ಮುಗಿಸಿ, ಹೆಗಲ ಮೇಲಿನ ಟವೆಲ್ ಒದ್ದೆ ಮಾಡಿ ಹಿಕ್ಕೆ ಮೇಲೆ ಹಾಕಿ ಪೇಪರ್ ಓದಲು ಕೂರುವರು. ಟವೆಲ್ ಒಗೆಯುವಾಗ ನಾನು ಬೈಯುತ್ತಿದ್ದೆ. ಕಾರು ಮಾರುವಾಗಲೂ ಮೇಲೆ ಒಂದು ಕಲೆ ಇರಲಿಲ್ಲ.

ಪಾತ್ರೆ ಸೋಪು ಹಾಕಬೇಡಿ, ಪಾಲಿಶ್‌ನ ಮೇಣವನ್ನು ಅದು ಎಬ್ಬಿಸುತ್ತದೆ. ಹುಣಸೆಹಣ್ಣು, ನಿಂಬೆ ಹಿತ್ತಾಳೆ ಪಾತ್ರೆಗೆ ಸರಿ, ಹುಳಿಯ ಮೇಲೆ ಹುಳಿ ಕಾರಿಗೇಕೆ? ತೆಂಗಿನ ನಾರಂತೂ ಹತ್ತಿರ ತರಬೇಡಿ. ತೆಗೆದ ಮೇಲೂ ಮಬ್ಬು ಕಂಡರೆ ಉಗುರಿನಿಂದ ಮೆಲ್ಲಗೆ ಸವರಿ ನೋಡಿ. ಉಗುರಿಗೆ ಸಿಗದಿದ್ದರೆ ಪಾಲಿಶ್‌ಗೆ ಹೋಗಬಹುದು, ಸಿಕ್ಕರೆ ಪೇಂಟಿಂಗ್ ಮಾಡುವವರಿಗೇ ತೋರಿಸಿ. ಚೊಕ್ಕ ಒಣಗಿದ ಮೇಲೆ ಆ ಜಾಗಕ್ಕೆ ಇಷ್ಟು ಮೇಣದ ಪಾಲಿಶ್ ತೀಡಿಬಿಡಿ, ಮುಂದಿನ ಸಲ ಬೇಗ ಬಿಡುತ್ತದೆ.

ಆ ತುಂಡುಗಳನ್ನು ಕಸಕ್ಕೆ ಹಾಕಿ, ಕೈಗೆ ಸೋಪು ಹಚ್ಚಿ ತೊಳೆಯಿರಿ. ಹೋದ ವರ್ಷ ನಮ್ಮನೆಯಲ್ಲಿ ಒಬ್ಬರು ಅದನ್ನೇ ಜಾಲಿಸಿ ರೊಟ್ಟಿ ಮುಚ್ಚುವ ಬಟ್ಟೆಗಳ ಜೊತೆ ಒಣ ಹಾಕಿದ್ದರು. ಹೆಸರು ಹೇಳುವುದಿಲ್ಲ, ಅವನೂ ಇದನ್ನು ಓದುತ್ತಾನೆ.