ಇಂಪರ್ಫೆಕ್ಟ್ ಸಬ್‌ಜಂಕ್ಟಿವ್: ಟೇಬಲ್ ಉರು ಹೊಡೆಯಬೇಡಿ, ‘ತ್ಯು’ ರೂಪ ಹಿಡಿಯಿರಿ

ಮೊದಲೇ ಹೇಳಿಬಿಡುತ್ತೇನೆ. ಫ್ರೆಂಚಿನ ಇಂಪರ್ಫೆಕ್ಟ್ ಸಬ್‌ಜಂಕ್ಟಿವ್ (‘ಬರಲಿ ಅಂತ ಬಯಸಿದ’ ಅನ್ನುವಾಗಿನ ‘ಬರಲಿ’ಯಂಥ ಕ್ರಿಯಾರೂಪ, ಭೂತಕಾಲದ ವಾಕ್ಯಕ್ಕೆ ಬರುವಂಥದ್ದು) ಇರುವುದು ಓದೋದಕ್ಕೆ, ಮಾತಾಡೋದಕ್ಕಲ್ಲ. ಇವತ್ತಿನ ಫ್ರೆಂಚರು ಮನೆಯಲ್ಲಿ, ಅಂಗಡಿಯಲ್ಲಿ, ಬಸ್ಸಲ್ಲಿ ಇದನ್ನು ಬಳಸುವುದಿಲ್ಲ. ಆದರೆ 19ನೇ ಶತಮಾನದ ಯಾವ ಕಾದಂಬರಿ ತೆರೆದರೂ ಕೆಲವು ಪುಟದೊಳಗೆ ಇದು ಎದುರಾಗುತ್ತದೆ. ಆಗ ಗೊತ್ತಿಲ್ಲದಿದ್ದರೆ ವಾಕ್ಯದ ಅರ್ಥವೇ ತಲೆಕೆಳಗಾಗುತ್ತದೆ.

ವಿರಾಜಪೇಟೆಯ ನಮ್ಮ ಮನೆ ಜಗಲಿಯಲ್ಲಿ ಸಂಜೆ ಹೊತ್ತು ಫ್ರೆಂಚ್ ಪಾಠ ಮಾಡುತ್ತೇನೆ. ಕಕ್ಕಬ್ಬೆಯ ಹೋಮ್‌ಸ್ಟೇಯಲ್ಲಿ ಕೆಲಸ ಮಾಡುವ ಹುಡುಗನೊಬ್ಬ ಬರುತ್ತಾನೆ. ಅವನಿಗೆ ಇದು ಬೇಡವೇ ಬೇಡ, ಅತಿಥಿಗಳಿಗೆ ತಡಿಯಂಡಮೋಳ್ ಬೆಟ್ಟದ ದಾರಿ ಹೇಳಲು ಬಂದರೆ ಸಾಕು. ಸಾಹಿತ್ಯದಲ್ಲಿ ಎಂ.ಎ. ಮಾಡಬೇಕೆಂದಿರುವ ಹುಡುಗಿಗೆ ಮಾತ್ರ ಬೇಕು. ಆದರೆ ಕುತೂಹಲ ಜಾಸ್ತಿ ಇರೋದು ಹುಡುಗನಿಗೇ! ಹಾಗಾಗಿ ಇಬ್ಬರಿಗೂ ಒಂದೇ ಪಾಠ.

ಇಲ್ಲಿ ಫ್ರೆಂಚ್ ಪದಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ. ಕಾಗುಣಿತ ಮುಖ್ಯವಾದ ಕಡೆ ಅಕ್ಷರದ ಹೆಸರು ಹೇಳುತ್ತೇನೆ. ‘ಫ್ಯು’, ‘ಯು’ ಅಂತ ಬರೆದಿರುವ ಕಡೆ ತುಟಿ ‘ಉ’ ಅನ್ನುವಂತೆ ಮುಂದೆ ಬರಲಿ, ನಾಲಿಗೆ ‘ಈ’ ಅನ್ನುವ ಜಾಗದಲ್ಲೇ ಇರಲಿ. ಆ ಸ್ವರಕ್ಕೆ ನಮ್ಮಲ್ಲಿ ಅಕ್ಷರ ಇಲ್ಲ.

ಈಗ ಕೆಲಸಕ್ಕೆ ಬರೋಣ. ಪಾಸೆ ಸ್ಯಾಂಪ್ಲ್ ಗೊತ್ತಲ್ವಾ, ಕಥೆ ಹೇಳುವ ಆ ಭೂತಕಾಲ? ಅದರ ‘ತ್ಯು’ (ನೀನು) ರೂಪ ತೆಗೆದುಕೊಳ್ಳಿ. ಬರಹದಲ್ಲಿ ಕೊನೆಗೆ ಒಂದು ಎಸ್ ಇದ್ದೇ ಇರುತ್ತದೆ, ಓದುವಾಗ ಕೇಳಿಸುವುದಿಲ್ಲ. ಅದರ ಮುಂದೆ ಎಸ್, ಇ ಅಂಟಿಸಿ. ‘ಝ’ (ನಾನು) ರೂಪ ಸಿದ್ಧ. ಅದರ ಹಿಂದೆ ‘ಕ’ (ಅಂತ, ಎಂದು) ಸೇರಿಸಿ ಹೇಳುವುದು ರೂಢಿ.

ಪಾರ್ಲೆ ಅಂದರೆ ಮಾತಾಡು (ಬಿಸ್ಕೆಟ್ ಅಲ್ಲ). ತ್ಯು ಪಾರ್ಲಾ, ಅದರಿಂದ ಕ ಝ ಪಾರ್ಲಾಸ್. ಫಿನೀರ್ ಅಂದರೆ ಮುಗಿಸು. ತ್ಯು ಫಿನಿ, ಕ ಝ ಫಿನಿಸ್. ವೂಲ್ವಾರ್, ಬಯಸು. ತ್ಯು ವೂಲ್ಯು, ಕ ಝ ವೂಲ್ಯುಸ್. ವನೀರ್, ಬಾ. ತ್ಯು ವ್ಯಾಂ, ಕ ಝ ವ್ಯಾಂಸ್. ಪಾಸೆ ಸ್ಯಾಂಪ್ಲ್‌ನಲ್ಲಿ ಇರುವುದೇ ಈ ನಾಲ್ಕು ಸ್ವರ: ಎ, ಐ, ಯು, ಮತ್ತೆ ಮೂಗಿನಿಂದ ಬರುವ ಐ-ಎನ್. ಕೊನೆಯದು ವನೀರ್, ತನೀರ್ (ಹಿಡಿ) ಮತ್ತು ಅವುಗಳಿಂದ ಹುಟ್ಟಿದ ಕ್ರಿಯಾಪದಗಳಿಗೆ ಮಾತ್ರ.

ಸದಾ ಕಾಡುವ ಎತ್ರ್ (ಇರು), ಅವ್ವಾರ್ (ಹೊಂದಿರು), ಫೇರ್ (ಮಾಡು) ಕೂಡ ಇಲ್ಲಿ ತೆಪ್ಪಗೆ ಸಾಲಿಗೆ ನಿಲ್ಲುತ್ತವೆ. ತ್ಯು ಫ್ಯು, ಕ ಝ ಫ್ಯುಸ್. ತ್ಯು ಯು, ಕ ಝ ಯುಸ್. ತ್ಯು ಫಿ, ಕ ಝ ಫಿಸ್. ಅವ್ವಾರ್‌ನ ರೂಪ ಬರೆಯುವಾಗ ಮೊದಲಿಗೆ ಇ, ಯು ಎರಡೂ ಇರುತ್ತವೆ. ಓದುವಾಗ ಒಂದೇ ಸ್ವರ.

ಉಳಿದ ರೂಪಗಳು ಸುಲಭ. ಇಲ್ ಅಂದರೆ ಅವನು, ನೂ ನಾವು, ವೂ ನೀವು, ಕೊನೆಯ ಇಲ್ ಅವರು. ಎತ್ರ್ ಹೀಗೆ ಸಾಗುತ್ತದೆ: ಝ ಫ್ಯುಸ್, ತ್ಯು ಫ್ಯುಸ್, ಇಲ್ ಫ್ಯು, ನೂ ಫ್ಯುಸಿಯೋಂ, ವೂ ಫ್ಯುಸಿಯೆ, ಇಲ್ ಫ್ಯುಸ್. ‘ತ್ಯು’ಗೆ ಕೊನೆಯಲ್ಲಿ ಇನ್ನೊಂದು ಎಸ್, ಬಹುವಚನದ ‘ಇಲ್’ಗೆ ಇ, ಎನ್, ಟಿ. ಎರಡೂ ಬಾಯಿಗೆ ಬರುವುದಿಲ್ಲ, ಹಾಗಾಗಿ ಆರರಲ್ಲಿ ಮೂರು ರೂಪ ಕೇಳಲು ಒಂದೇ.

ಏಕವಚನದ ‘ಇಲ್’ ರೂಪದ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ಪುಸ್ತಕಗಳಲ್ಲಿ ನಿಮಗೆ ಜಾಸ್ತಿ ಸಿಗುವುದು ಇದೇ. ಇದರಲ್ಲಿ ಜೋಡಿ ಎಸ್ ಇಲ್ಲ. ಸ್ವರದ ತಲೆ ಮೇಲೆ ಸಿರ್ಕಾಂಫ್ಲೆಕ್ಸ್ ಅನ್ನುವ ಟೋಪಿ (^), ಪಕ್ಕದಲ್ಲಿ ಟಿ. ಪಾಸೆ ಸ್ಯಾಂಪ್ಲ್‌ನ ‘ಇಲ್ ಫ್ಯು’ ಅಂದರೆ ‘ಅವನು ಇದ್ದ’. ಅದಕ್ಕೂ ಟಿ ಇದೆ, ಟೋಪಿ ಇಲ್ಲ. ಉಚ್ಚಾರ ಎರಡಕ್ಕೂ ಒಂದೇ. ಅಂದರೆ ಕಣ್ಣಿಗೆ ಇರುವ ಗುರುತು ಆ ಟೋಪಿ ಮಾತ್ರ. ಪಾರ್ಲೆ ಗುಂಪಿನಲ್ಲಿ ಇನ್ನೂ ಸುಲಭ: ಪಾಸೆ ಸ್ಯಾಂಪ್ಲ್ ‘ಪಾರ್ಲಾ’ಗೆ ಟೋಪಿಯೂ ಇಲ್ಲ, ಟಿಯೂ ಇಲ್ಲ. ಸಬ್‌ಜಂಕ್ಟಿವ್‌ಗೆ ಎರಡೂ ಇವೆ. 1990ರ ಕಾಗುಣಿತ ಸುಧಾರಣೆ ಐ ಮತ್ತು ಯು ಮೇಲಿನ ಎಷ್ಟೋ ಟೋಪಿಗಳನ್ನು ತೆಗೆಯಬಹುದು ಅಂದಿತು. ಆದರೆ ಈ ಟೋಪಿಯನ್ನು ಮುಟ್ಟಲಿಲ್ಲ. ಅವರಿಗೂ ಗೊತ್ತಿತ್ತು, ಇದನ್ನು ತೆಗೆದರೆ ಎರಡು ಕಾಲ ಒಂದಾಗಿಬಿಡುತ್ತದೆ. ಟೋಪಿ ಹಾಕದ ಒಂದು ಹಠಮಾರಿ ಇದೆ: ಆಯೀರ್, ಅಂದರೆ ದ್ವೇಷಿಸು. ಅದರ ಐ ಮೇಲೆ ಆಗಲೇ ಎರಡು ಚುಕ್ಕಿ ಕೂತಿವೆ, ಟೋಪಿಗೆ ಜಾಗವಿಲ್ಲ.

ಫಿನೀರ್ ಗುಂಪಿನದು ಇನ್ನೊಂದು ತಮಾಷೆ. ಅದರ ಪ್ರೆಸೆಂಟ್ ಸಬ್‌ಜಂಕ್ಟಿವ್‌ಗೂ ಇಂಪರ್ಫೆಕ್ಟ್‌ಗೂ ಐದು ರೂಪ ಅಕ್ಷರಶಃ ಒಂದೇ. ಬೇರೆಯಾಗುವುದು ಏಕವಚನದ ‘ಇಲ್’ ಮಾತ್ರ. ಅದಕ್ಕೇ ಹೇಳುವುದು, ಆರು ರೂಪವನ್ನು ಒಂದೇ ತೂಕದಲ್ಲಿ ಕಲಿಯಬೇಡಿ. ‘ಇಲ್’ ಒಂದನ್ನು ಕಣ್ಣು ಮುಚ್ಚಿ ಬರೆಯುವಷ್ಟು ಕಲಿಯಿರಿ. ಮಿಕ್ಕವನ್ನು ಕಂಡರೆ ಗುರುತು ಹಿಡಿದರೆ ಸಾಕು.

ನಿಜವಾದ ಕಷ್ಟ ಇರೋದು ಪಾಸೆ ಸ್ಯಾಂಪ್ಲ್‌ನಲ್ಲಿ. ಯಾವ ಕ್ರಿಯಾಪದಕ್ಕೆ ಯಾವ ಸ್ವರ? ಪಾಸ್ಟ್ ಪಾರ್ಟಿಸಿಪಲ್ ನೋಡಿ ಊಹಿಸಿ. ಅದು ಯು ಸ್ವರದಲ್ಲಿ ಮುಗಿದರೆ ಸಾಮಾನ್ಯವಾಗಿ ಇಲ್ಲೂ ಯು: ಲ್ಯು (ಓದಿದ), ಸ್ಯು (ತಿಳಿದ), ಬ್ಯು (ಕುಡಿದ), ಕ್ರ್ಯು (ನಂಬಿದ). ಪ್ರಿ (ತೆಗೆದುಕೊಂಡ), ಮಿ (ಇಟ್ಟ), ದಿ (ಹೇಳಿದ), ಇವಕ್ಕೆ ಐ. ಆದರೆ ಮೋಸ ಮಾಡುವವೂ ಇವೆ. ವಾರ್ (ನೋಡು) ಪಾರ್ಟಿಸಿಪಲ್‌ನಲ್ಲಿ ‘ವ್ಯು’, ಪಾಸೆ ಸ್ಯಾಂಪ್ಲ್‌ನಲ್ಲಿ ‘ವಿ’. ವಾಂದ್ರ್ (ಮಾರು), ಪೆರ್ದ್ರ್ (ಕಳೆದುಕೊ) ಕೂಡ ಹಾಗೇ ಐ ಕಡೆ ಹೋಗುತ್ತವೆ. ಮೂರೀರ್ (ಸಾಯು) ‘ಮೂರ್ಯು’ ಆಗುತ್ತದೆ, ನೆತ್ರ್ (ಹುಟ್ಟು) ‘ನಾಕಿ’ ಆಗುತ್ತದೆ. ಇವನ್ನು ಬಾಯಿಪಾಠ ಮಾಡದೆ ದಾರಿಯಿಲ್ಲ. ಅಲೆ (ಹೋಗು) ಮಾತ್ರ ಇಲ್ಲಿ ಸಾಧು ಪ್ರಾಣಿ, ಪಾರ್ಲೆಯ ಹಾಗೇ ನಡೆಯುತ್ತದೆ. ಮಾಂಝೆ (ತಿನ್ನು) ಬರೆಯುವಾಗ ಜಿ ಪಕ್ಕ ಇ ಉಳಿಸಿಕೊಳ್ಳಿ, ಕೊಮಾಂಸೆ (ಶುರು ಮಾಡು) ಬರೆಯುವಾಗ ಸಿ ಕೆಳಗಿನ ಕೊಂಡಿ ಬಿಡಬೇಡಿ.

ಇದು ಬರುವುದು ಯಾವಾಗ? ಮುಖ್ಯ ವಾಕ್ಯ ಭೂತಕಾಲದಲ್ಲಿದ್ದು, ಅದರ ಜೊತೆ ಸಬ್‌ಜಂಕ್ಟಿವ್ ಬೇಡುವ ಮಾತು ಇದ್ದಾಗ. ‘ಬೇಕಿತ್ತು’, ‘ಬಯಸಿದ’, ‘ಕಾಯುತ್ತಿದ್ದೆವು’, ‘ಆಗಿದ್ದರೂ’, ‘ಆಗುವ ಮೊದಲು’, ಈ ಥರದವು. ನಮ್ಮ ಜಗಲಿಯಲ್ಲಿ ಅಭ್ಯಾಸದ ವಾಕ್ಯಗಳೆಲ್ಲ ತೋಟದ್ದೇ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆಗೆ ಎಲ್ಲರೂ ಆಕಾಶ ನೋಡುತ್ತಾರಲ್ಲ, ಅದಕ್ಕೆ: ನೂಜಾತಾಂದ್ಯೋಂ ಕಿಲ್ ಪ್ಲ್ಯು. ಮಳೆ ಬರಲಿ ಅಂತ ಕಾಯುತ್ತಿದ್ದೆವು. ‘ಪ್ಲ್ಯು’ ಮೇಲೆ ಟೋಪಿ. ಇದೇ ರೂಪ ಪ್ಲೇರ್, ಅಂದರೆ ‘ಇಷ್ಟವಾಗು’ ಅನ್ನುವುದಕ್ಕೂ ಬರುತ್ತದೆ, ಯಾವುದು ಅಂತ ಸಂದರ್ಭವೇ ಹೇಳಬೇಕು. ಇನ್ನೊಂದು: ಬಿಯಾಂ ಕ ಲ ಕಾಫೆ ಫ್ಯು ಮ್ಯೂರ್. ಕಾಫಿ ಹಣ್ಣಾಗಿದ್ದರೂ. ಮುಂದಿನ ಭಾಗ, ‘ಕೆಲಸದವರು ಬರಲಿಲ್ಲ’, ಎಲ್ಲ ತೋಟದವರಿಗೂ ಬಾಯಿಗೆ ಬರುತ್ತದೆ, ಅದನ್ನು ಪಾಸೆ ಸ್ಯಾಂಪ್ಲ್‌ನಲ್ಲಿ ನೀವೇ ಬರೆಯಿರಿ.

ಇವತ್ತು ಬರೆಯುವವರು ಇಲ್ಲೆಲ್ಲ ಪ್ರೆಸೆಂಟ್ ಸಬ್‌ಜಂಕ್ಟಿವ್ ಹಾಕುತ್ತಾರೆ. ಅದು ತಪ್ಪಲ್ಲ. 1901ರಲ್ಲೇ ಫ್ರೆಂಚ್ ಸರ್ಕಾರದ ಒಂದು ಆದೇಶ, ಮುಖ್ಯ ಕ್ರಿಯಾಪದ ಕಂಡಿಷನಲ್‌ನಲ್ಲಿ (ಷರತ್ತಿನ ರೂಪದಲ್ಲಿ) ಇದ್ದರೆ ಹೀಗೆ ಬರೆದರೂ ಪರೀಕ್ಷೆಯಲ್ಲಿ ಸಹಿಸಬೇಕು ಅಂದಿತ್ತು. ಜನ ಇದನ್ನು ಬಿಡಲು ಕಿವಿಯೂ ಒಂದು ಕಾರಣ ಅಂತ ನನ್ನ ಅನಿಸಿಕೆ. ‘ಪಾರ್ಲಾಸಿಯೋಂ’ ಅಂದರೆ ಫ್ರೆಂಚರಿಗೇ ನಗು ಬರುತ್ತದೆ. ನಮ್ಮ ಕಕ್ಕಬ್ಬೆ ಹುಡುಗ ತಡೆಯಲಾರದೆ ಇದನ್ನು ಒಬ್ಬ ಫ್ರೆಂಚ್ ಅತಿಥಿಯ ಮೇಲೆ ಪ್ರಯೋಗಿಸಿದ. ಆತ ಕಾಫಿ ಲೋಟ ಕೆಳಗಿಟ್ಟು, ಎದ್ದು ನಿಂತು, ರಾಜನಿಗೆ ಮಾಡುವ ಹಾಗೆ ಬಾಗಿ ನಮಸ್ಕಾರ ಮಾಡಿದನಂತೆ. “ಟೀಚರ್, ಅದು ಹೊಗಳಿದ್ದಾ, ಕಾಲೆಳೆದದ್ದಾ?” ಅಂತ ಕೇಳಿದ. ಎರಡೂ ಅಂದೆ.

ಓದುವವರಿಗೆ ಬಹಳ ಉಪಯೋಗಕ್ಕೆ ಬರುವ ಒಂದು ವಿಷಯ ಉಳಿದಿದೆ. ಟೋಪಿ ಹಾಕಿದ ‘ಯು’ (ಅವ್ವಾರ್‌ನದು) ಅಥವಾ ‘ಫ್ಯು’, ಅದರ ಪಕ್ಕ ಪಾರ್ಟಿಸಿಪಲ್ ಇದೆ, ಆದರೆ ಹಿಂದೆ ‘ಕ’ ಇಲ್ಲ. ಆಗ ಅದನ್ನು ಕಂಡಿಷನಲ್ ಪಾಸ್ಟ್ ಅಂತ ಓದಿ. ‘ಇಲ್ ಯು ಫಾಲ್ಯು’ ಅಂದರೆ ‘ಬೇಕಾಗುತ್ತಿತ್ತು’. ‘ಸ್ಯುತೆತೆ’ ಅಂದರೆ ‘ಅದು ಹಾಗಾಗುತ್ತಿತ್ತು’. ಹಿಂದೆ ‘ಸಿ’ (ಒಂದು ವೇಳೆ) ಇದ್ದರೆ ‘ಮಾಡಿದ್ದರೆ’, ‘ತಿಳಿದಿದ್ದರೆ’ ಅಂತ ಓದಿಕೊಳ್ಳಿ. ಇದು ಗೊತ್ತಿಲ್ಲದವರು ಆಗದೇ ಇದ್ದದ್ದನ್ನು ಆಗಿದೆ ಅಂದುಕೊಂಡು ಅಧ್ಯಾಯವನ್ನೇ ಮುಗಿಸಿಬಿಡುತ್ತಾರೆ. ಇವತ್ತಿಗೂ ಬಳಕೆಯಲ್ಲಿರುವ ಒಂದೆರಡು ಪಡೆನುಡಿಗಳನ್ನು ಹಾಗೇ ನೆನಪಿಟ್ಟುಕೊಳ್ಳಿ: ‘ನ ಫ್ಯುಸ್ ಕ’ ಅಂದರೆ ‘ಇಷ್ಟಾದರೂ’, ‘ಫ್ಯುತಿಲ್’ ಅಂದರೆ ‘ಅವನು ಇಂಥವನೇ ಆಗಿದ್ದರೂ’ ಅನ್ನುವ ಧಾಟಿ.

ಅಭ್ಯಾಸ ಹೀಗೆ ಮಾಡಿ. ಹಳೇ ಕಾದಂಬರಿಯ ಒಂದು ಅಧ್ಯಾಯ ತೆಗೆದು, ಟಿ ಹಿಂದೆ ಟೋಪಿ ಇರುವ ಕ್ರಿಯಾಪದಗಳಿಗೆಲ್ಲ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. ಹಿಂದೆ ‘ಕ’ ಇದೆಯಾ, ‘ಸಿ’ ಇದೆಯಾ, ಏನೂ ಇಲ್ಲವಾ ನೋಡಿ. ಆಮೇಲೆ ಪ್ರತಿಯೊಂದರ ‘ತ್ಯು’ ರೂಪ ಬರೆಯಿರಿ. ‘ಇಲ್ ಪಾರೇ’ (ಕಾಣಿಸುತ್ತದೆ), ‘ಇಲ್ ಪ್ಲೇ’ (ಇಷ್ಟವಾಗುತ್ತದೆ) ಇವಕ್ಕೂ ಹಳೇ ಕಾಗುಣಿತದಲ್ಲಿ ಟೋಪಿ ಇರುತ್ತದೆ. ಅವು ಬರೀ ವರ್ತಮಾನ ಕಾಲ, ಬಿಟ್ಟುಬಿಡಿ.

ಹುಡುಕಿದರೂ ಸಿಗದ ಕೆಲವು ಕ್ರಿಯಾಪದಗಳಿವೆ. ತ್ರೇರ್, ಅಂದರೆ ಹಾಲು ಕರೆಯುವುದು, ಅದಕ್ಕೆ ಪಾಸೆ ಸ್ಯಾಂಪ್ಲ್ ಇಲ್ಲ. ಹಾಗಾಗಿ ಇಂಪರ್ಫೆಕ್ಟ್ ಸಬ್‌ಜಂಕ್ಟಿವ್ ಕೂಡ ಇಲ್ಲ. ‘ನಾನು ಹಸು ಕರೆಯಲಿ ಅಂತ ಅಜ್ಜಿ ಬಯಸಿದ್ದಳು’ ಅಂತ ಬರೆಯಬೇಕಾದರೆ ಸುಮ್ನೆ ಪ್ರೆಸೆಂಟ್ ಸಬ್‌ಜಂಕ್ಟಿವ್ ಹಾಕಿ: ಕ ಝ ತ್ರೇ.