ಭೋಸರಿಯ ವರ್ಕ್‌ಶಾಪಿನಿಂದ ಒಂದು ಪೇಟೆಂಟ್: ನನ್ನ ಅನುಭವ

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಮೂರು ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಲೇಥ್, ಒಂದು ಮಿಲ್ಲಿಂಗ್ ಯಂತ್ರ, ಆರು ಜನ ಕೆಲಸಗಾರರು. 2024ರಲ್ಲಿ ನಮ್ಮ ಒಂದು ಸಾಧನಕ್ಕೆ ಪೇಟೆಂಟ್ ಮಂಜೂರಾಯಿತು. ಅಂದಿನಿಂದ ಇಲ್ಲಿನ ಕನ್ನಡಿಗರು ರಾಜ್ಯೋತ್ಸವಕ್ಕೆ ಸೇರಿದಾಗಲೂ ಮದುವೆಯ ಪಂಕ್ತಿಯಲ್ಲಿ ಕುಳಿತಾಗಲೂ ನನ್ನನ್ನು ಒಂದಿಷ್ಟು ಪ್ರಶ್ನೆ ಕೇಳುತ್ತಾರೆ. ಆ ಪ್ರಶ್ನೆಗಳನ್ನು ನಾನೂ ಕೇಳಿದ್ದೆ. ಕೆಲವನ್ನು ಕೇಳಬೇಕಾದುದಕ್ಕಿಂತ ತಡವಾಗಿ ಕೇಳಿದ್ದೆ.

ಮೊದಲು ಸಾಧನದ ವಿಷಯ. ಲೋಹ ಕಡೆಯುವಾಗ ತಂಪಿಗೆ ಸುರಿಯುವ ದ್ರವವೇ ಕೂಲಂಟ್. ಲೇಥಿನ ಕೂಲಂಟ್ ತೊಟ್ಟಿಯಲ್ಲಿ ಯಂತ್ರದಿಂದ ಸೋರಿದ ಎಣ್ಣೆ ಮೇಲೆ ತೇಲಿ ಪದರ ಕಟ್ಟುತ್ತದೆ. ವಾರದ ರಜೆ ಮುಗಿಸಿ ಬಂದು ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆಯ ವಾಸನೆ ಮುಖಕ್ಕೆ ಹೊಡೆಯುತ್ತದೆ. ಈ ಎಣ್ಣೆ ತೆಗೆಯಲು ಬೆಲ್ಟಿನ, ತಟ್ಟೆಯ ಸ್ಕಿಮ್ಮರುಗಳು ಮಾರುಕಟ್ಟೆಯಲ್ಲಿ ಹಿಂದಿನಿಂದಲೂ ಇವೆ. ನಾನು ಕೂಲಂಟಿನ ಮಟ್ಟ ಇಳಿದಂತೆ ತಾನೂ ಇಳಿಯುವ, ತೇಲುತ್ತಲೇ ಎಣ್ಣೆ ಹೀರುವ ಬಾಯಿಯೊಂದನ್ನು ಮಾಡಿದೆ. ಆದರೆ ಲೋಹದ ಸುರುಳಿ ಚೂರುಗಳು ಬಂದು ಗಂಟೆಗೊಮ್ಮೆ ಅದರ ಬಾಯಿ ಕಟ್ಟುತ್ತಿದ್ದವು. ಇಂಡಿ ತಾಲೂಕಿನಿಂದ ಬಂದ ನಮ್ಮ ಆಪರೇಟರ್ ಹುಡುಗ ಒಂದು ದಿನ ಬಾಯಿಯ ಸುತ್ತ ರೆಕ್ಕೆಗಳುಳ್ಳ ಜಾಲರಿಯ ಉಂಗುರ ಕೂಡಿಸಿದ. ತೊಟ್ಟಿಗೆ ಮರಳಿ ಬೀಳುವ ಕೂಲಂಟಿನ ಧಾರೆಯೇ ಆ ಉಂಗುರವನ್ನು ತಿರುಗಿಸುವಂತೆಯೂ ಮಾಡಿದ. ಮೋಟರ್ ಬೇಕಾಗಲಿಲ್ಲ, ಚೂರು ಹತ್ತಿರ ಸುಳಿಯಲಿಲ್ಲ.

ನನ್ನ ತಪ್ಪು ನಡೆದದ್ದು ಇದಕ್ಕೂ ಮೊದಲು. ತೇಲುವ ಬಾಯಿ ಮೊದಲ ಸಲ ಎಣ್ಣೆ ಹೀರಿದ ಸಂತೋಷದಲ್ಲಿ ಅದರ ವಿಡಿಯೊ ತೆಗೆದು, ನೂರಕ್ಕೂ ಹೆಚ್ಚು ಜನರಿರುವ ನಮ್ಮ ಡಿಪ್ಲೊಮಾ ಸಹಪಾಠಿಗಳ ವಾಟ್ಸ್ಯಾಪ್ ಗುಂಪಿಗೆ ಕಳಿಸಿದ್ದೆ. ಪೇಟೆಂಟ್ ಏಜೆಂಟರಾದ ಅಕ್ಕನವರು ಅದನ್ನು ನೋಡಿ, ‘ಇದರ ಮೇಲೆ ಹಕ್ಕು ಕೇಳುವುದು ಬೇಡ; ಹೊರಗೆ ಹೋಗಿರುವುದನ್ನು ಹೊಸದು ಎನ್ನಲು ಬರುವುದಿಲ್ಲ’ ಎಂದರು. ಅರ್ಜಿಗೆ ಮೊದಲೇ ಬಹಿರಂಗವಾದದ್ದಕ್ಕೆ ನಮ್ಮ ಕಾಯ್ದೆಯಲ್ಲಿ ವಿನಾಯಿತಿ ತೀರಾ ಕಡಿಮೆ: ಕೇಂದ್ರ ಸರ್ಕಾರ ಅಧಿಸೂಚಿಸಿದ ಪ್ರದರ್ಶನ, ವಿದ್ವತ್ ಸಂಸ್ಥೆಯ ಮುಂದೆ ಓದಿದ ಪ್ರಬಂಧ ಮೊದಲಾದ ಕೆಲವೇ ಸಂದರ್ಭಗಳಿಗೆ 12 ತಿಂಗಳ ಅವಕಾಶ. ಗೆಳೆಯರ ಗುಂಪಿಗೆ ಕಳಿಸಿದ ವಿಡಿಯೊ ಅದರಲ್ಲಿ ಬರುವುದಿಲ್ಲ. ಉಂಗುರ ಆ ವಿಡಿಯೊದಲ್ಲಿ ಇರಲಿಲ್ಲವೆಂಬುದೊಂದೇ ನಮ್ಮನ್ನು ಉಳಿಸಿತು. ಹೀಗೆ ನಮ್ಮ ಅರ್ಜಿಯ ಕೇಂದ್ರ ಬಾಯಿಯಿಂದ ಉಂಗುರಕ್ಕೆ ಸರಿಯಿತು.

ಆಗ ಎದ್ದ ಪ್ರಶ್ನೆ, ಸಂಶೋಧಕ ಯಾರು ಎಂಬುದು. ಯಂತ್ರ, ಜಾಗ, ಸಂಬಳ ಎಲ್ಲವೂ ನನ್ನದಾಗಿದ್ದರೂ ಉಂಗುರ ಹೊಳೆದದ್ದು ಆ ಹುಡುಗನಿಗೆ. ಕಾಯ್ದೆ ಕೇಳುವುದು ನಿಜವಾದ ಮತ್ತು ಮೊದಲ ಸಂಶೋಧಕನ ಹೆಸರನ್ನು. ಅದನ್ನು ಮುಚ್ಚಿಟ್ಟರೆ ಮುಂದೆ ಪೇಟೆಂಟ್ ರದ್ದಾಗುವುದಕ್ಕೂ ಕಾರಣವಾದೀತು. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಕಾರಣ, ಅದು ಅವನ ಬುದ್ಧಿ. ಅರ್ಜಿಯ ಫಾರ್ಮ್ 1ರಲ್ಲಿ ಇಬ್ಬರ ಹೆಸರನ್ನೂ ಬರೆದು, ಅವನ ಪಾಲಿನ ಹಕ್ಕನ್ನು ನನಗೆ ಬರವಣಿಗೆಯಲ್ಲಿ ವರ್ಗಾಯಿಸಿಕೊಂಡು, ಮಾರಾಟವಾಗುವ ಪ್ರತಿ ಸಾಧನಕ್ಕೆ ಇಂತಿಷ್ಟು ಹಣವೆಂದು ಅದೇ ಪತ್ರದಲ್ಲಿ ಕಾಣಿಸಿದೆವು. ಸಹಿ ಹಾಕುವಾಗ ಅವನು, ‘ಸಾಹೇಬ್ರ, ನಾ ಬರೇ ತಗಡಿನ ಪತ್ರಾ ಕತ್ತರಿಸಿ ಕೂಡಿಸಿದ್ನಿರೀ, ನನ್ನ ಹೆಸರು ಯಾಕ?’ ಎಂದು ಕೇಳಿದ. ಆ ಕತ್ತರಿಸಿ ಕೂಡಿಸಿದ್ದೇ ಸಂಶೋಧನೆಯೆಂದು ಅವನಿಗೆ ತಿಳಿಸಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಜಿದಾರನ ಜಾಗದಲ್ಲಿ ನನ್ನ ಹೆಸರೇ ಬಂತು. ಒಬ್ಬನೇ ಮಾಲೀಕನಿರುವ ವರ್ಕ್‌ಶಾಪಿನ ಹೆಸರು ಕಾನೂನಿನ ಕಣ್ಣಿಗೆ ಬೇರೆ ವ್ಯಕ್ತಿಯಲ್ಲ.

2020ರ ಆಗಸ್ಟಿನಲ್ಲಿ ಪ್ರಾವಿಷನಲ್ (ತಾತ್ಕಾಲಿಕ) ಅರ್ಜಿ ಸಲ್ಲಿಸಿದೆವು. ಮಹಾರಾಷ್ಟ್ರ, ಗೋವಾದವರ ಅರ್ಜಿ ಮುಂಬೈಯ ಆಂಟಾಪ್ ಹಿಲ್‌ನಲ್ಲಿರುವ ಪೇಟೆಂಟ್ ಕಚೇರಿಗೆ ಸೇರುತ್ತದೆ, ಆದರೆ ಎಲ್ಲವೂ ಆನ್‌ಲೈನ್ ಆದ್ದರಿಂದ ನಾನು ಅಲ್ಲಿಗೆ ಒಮ್ಮೆಯೂ ಹೋಗಲಿಲ್ಲ. ವ್ಯಕ್ತಿಯ ಹೆಸರಿನ ಅರ್ಜಿಗೆ ಸರ್ಕಾರಿ ಶುಲ್ಕ 1,600 ರೂಪಾಯಿ. ಪರೀಕ್ಷೆಗೆ ಕೋರುವ ಫಾರ್ಮ್ 18ಕ್ಕೆ 4,000. ದೊಡ್ಡ ಖರ್ಚು ಏಜೆಂಟರದು, ಮತ್ತು ನನ್ನ ಅಭಿಪ್ರಾಯದಲ್ಲಿ ಅದು ಉಳಿಸಬಾರದ ಖರ್ಚು. ಪ್ರಾವಿಷನಲ್ ಸಲ್ಲಿಸಿದ 12 ತಿಂಗಳೊಳಗೆ ಕಂಪ್ಲೀಟ್ ಸ್ಪೆಸಿಫಿಕೇಶನ್, ಅಂದರೆ ಸಾಧನದ ಪೂರ್ಣ ವಿವರಣೆ, ಕೊಡದಿದ್ದರೆ ಅರ್ಜಿ ಕೈಬಿಟ್ಟಂತೆ. ಛಾಪಾ ಕಾಗದದ ಮೇಲೆ ಬರೆದು ನೋಟರಿ ಮಾಡಿಸಿದರೆ ಅಥವಾ ನಮ್ಮ ವಿಳಾಸಕ್ಕೆ ನಾವೇ ರಿಜಿಸ್ಟರ್ಡ್ ಪತ್ರ ಕಳಿಸಿಕೊಂಡರೆ ಸಾಲದೇ ಎಂದು ಹಲವರು ಕೇಳುತ್ತಾರೆ. ಅದರಿಂದ ಪೇಟೆಂಟಿನ ಹಕ್ಕು ಹುಟ್ಟುವುದಿಲ್ಲ; ಎಣಿಕೆಗೆ ಬರುವುದು ಕಚೇರಿಯಲ್ಲಿ ಅರ್ಜಿ ದಾಖಲಾದ ದಿನ. ಆ ದಿನವೂ ಬರೆದು ಕೊಟ್ಟಷ್ಟಕ್ಕೇ ಸಲ್ಲುತ್ತದೆ. ಪಂಪ್ ನಿಂತಾಗ ಬಾಯಿ ಮುಚ್ಚಿಕೊಳ್ಳುವ ಕವಾಟ ನಮಗೆ ಹೊಳೆದದ್ದು ಮರುವರ್ಷ. ಅದಕ್ಕೆ ಕಂಪ್ಲೀಟ್ ಸ್ಪೆಸಿಫಿಕೇಶನ್ ಸಲ್ಲಿಸಿದ ದಿನವೇ ಆಧಾರವಾಯಿತು.

ಮೊದಲ ಪರೀಕ್ಷಾ ವರದಿ ಬಂದಾಗ ನಾನು ಕುಸಿದಿದ್ದೆ. ಪರೀಕ್ಷಕರು ಎರಡು ಹಳೆಯ ವಿದೇಶಿ ಪೇಟೆಂಟುಗಳನ್ನು ಮುಂದಿಟ್ಟಿದ್ದರು: ಒಂದರಲ್ಲಿ ತೇಲುವ ಬಾಯಿ, ಇನ್ನೊಂದರಲ್ಲಿ ತಿರುಗುವ ಜಾಲರಿ. ಎರಡನ್ನೂ ಬಲ್ಲವನಿಗೆ ಇದು ಸಹಜವಾಗಿ ಹೊಳೆಯುವಂಥದ್ದು, ಜೊತೆಗೆ ಸೆಕ್ಷನ್ 3(ಎಫ್) ಹೇಳುವಂತೆ ತಿಳಿದ ಸಾಧನಗಳ ಬರೀ ಮರುಜೋಡಣೆ ಎಂಬುದು ಆಕ್ಷೇಪ. ಅಕ್ಕನವರು ಗಾಬರಿಯಾಗಲಿಲ್ಲ. ಲೇಥಿನ ಮೇಲೆ ಪಾತ್ರೆ ಹಿಡಿದಿಡುವ ವಿಧಾನವೊಂದರ ಪೇಟೆಂಟನ್ನು ಸುಪ್ರೀಂ ಕೋರ್ಟು 1978ರಲ್ಲಿ ಒಪ್ಪದಿದ್ದ ಬಿಶ್ವನಾಥ್ ಪ್ರಸಾದ್ ಪ್ರಕರಣವನ್ನು ನನಗೆ ವಿವರಿಸಿದರು. ಬರೀ ವರ್ಕ್‌ಶಾಪಿನ ಸುಧಾರಣೆ ಸಾಲದು, ಅದಕ್ಕಿಂತ ಹೆಚ್ಚಿನದೇನೋ ಇರಬೇಕೆಂದು ಅಲ್ಲಿ ಹೇಳಿದೆ. ಆ ಹೆಚ್ಚಿನದು ನಮ್ಮಲ್ಲಿ ಏನೆಂದು ಹುಡುಕುತ್ತ ಒಂದು ಸಂಜೆಯೆಲ್ಲ ತೊಟ್ಟಿಯ ಪಕ್ಕದಲ್ಲೇ ಕುಳಿತೆವು. ಹಳೆಯ ಜಾಲರಿಗೆ ಮೋಟರ್ ಇತ್ತು, ಅದು ತೊಟ್ಟಿಗೆ ಬಿಗಿದಿತ್ತು. ನಮ್ಮ ಉಂಗುರ ಬಾಯಿಯೊಡನೆ ತೇಲುತ್ತದೆ, ಮರಳುವ ಧಾರೆಯಿಂದ ತಿರುಗುತ್ತದೆ, ತಿರುಗುವಾಗ ಎಣ್ಣೆಯನ್ನು ಬಾಯಿಯ ಕಡೆಗೆ ಸರಿಸುತ್ತದೆ. ಒಂದು ಭಾಗ ತೆಗೆದರೆ ಇನ್ನೊಂದು ಕೆಲಸ ಮಾಡದು. ಕ್ಲೇಮುಗಳನ್ನು, ಅಂದರೆ ನಾವು ಹಕ್ಕು ಕೇಳುವ ಅಂಶಗಳನ್ನು, ಅಷ್ಟಕ್ಕೇ ಕಿರಿದು ಮಾಡಿ ಆರು ತಿಂಗಳ ಗಡುವಿನೊಳಗೆ ಉತ್ತರ ಕೊಟ್ಟೆವು. ವಿಡಿಯೊ ಮೂಲಕ ವಿಚಾರಣೆ ನಡೆದ ಮೇಲೆ ಮಂಜೂರಾತಿ ಬಂತು.

ಇಡೀ ಜಗತ್ತಿಗೆ ಪೇಟೆಂಟ್ ಸಿಕ್ಕಿತೇ ಎಂದು ನಮ್ಮ ಕಾಕಾ ಕೇಳಿದ್ದರು. ಅಂಥದ್ದೊಂದು ಇಲ್ಲವೇ ಇಲ್ಲ. ನನ್ನದು ಭಾರತಕ್ಕೆ ಮಾತ್ರ. ಹೊರದೇಶದಲ್ಲಿ ಬೇಕಿದ್ದರೆ ಮೊದಲ ಅರ್ಜಿಯ ದಿನದಿಂದ 12 ತಿಂಗಳೊಳಗೆ ಆಯಾ ದೇಶದಲ್ಲಾಗಲಿ ಪಿಸಿಟಿ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಮೂಲಕವಾಗಲಿ ಹೆಜ್ಜೆ ಇಡಬೇಕು. ಇಲ್ಲಿನ ನಿವಾಸಿಗಳು ಇಲ್ಲಿ ಅರ್ಜಿ ಹಾಕಿ ಆರು ವಾರ ಕಾಯದೆ, ಅಥವಾ ಅನುಮತಿ ಪಡೆಯದೆ, ಹೊರಗೆ ಅರ್ಜಿ ಹಾಕುವಂತಿಲ್ಲವೆಂಬುದು ಬಹಳ ಜನಕ್ಕೆ ತಿಳಿದಿಲ್ಲ. ಹಿಂಜೆವಾಡಿಯ ಸಾಫ್ಟ್‌ವೇರ್ ಗೆಳೆಯರು ಆ್ಯಪ್ ಬಗ್ಗೆ ಕೇಳುತ್ತಾರೆ. ಬರೀ ಕಂಪ್ಯೂಟರ್ ಪ್ರೋಗ್ರಾಮು, ವ್ಯಾಪಾರದ ವಿಧಾನ, ಅಲ್ಗಾರಿದಮ್ ಇವು ಸೆಕ್ಷನ್ 3(ಕೆ) ಪ್ರಕಾರ ಹೊರಗೆ. ತಮ್ಮ ಆ್ಯಪ್ ಬರೀ ಪ್ರೋಗ್ರಾಮಿಗಿಂತ ಹೆಚ್ಚಿನದೇ, ಅದರ ತಾಂತ್ರಿಕ ಪರಿಣಾಮವೇನು ಎಂಬುದನ್ನು ಅವರು ಏಜೆಂಟರೊಡನೆ ಕುಳಿತೇ ಬಿಡಿಸಿಕೊಳ್ಳಬೇಕು.

ಮಂಜೂರಾತಿಯ ಕೂಡಲೇ ಮೂರನೆಯ ಮತ್ತು ನಾಲ್ಕನೆಯ ವರ್ಷದ ನವೀಕರಣ ಶುಲ್ಕ ಕಟ್ಟಿದೆ, ವರ್ಷಕ್ಕೆ 800 ರೂಪಾಯಿಯಂತೆ. ಪೇಟೆಂಟಿನ ಆಯುಷ್ಯ ಅರ್ಜಿಯ ದಿನದಿಂದ 20 ವರ್ಷ, ಆದರೆ ಶುಲ್ಕ ತಪ್ಪಿದರೆ ನಡುವೆಯೇ ಮುಗಿಯುತ್ತದೆ. ಈಗ ಆ ಹುಡುಗ ಉಂಗುರದ ರೆಕ್ಕೆಗಳ ಬಾಗನ್ನು ಬದಲಿಸಿದ್ದಾನೆ. ಚೂರುಗಳು ತೊಟ್ಟಿಯ ಒಂದೇ ಮೂಲೆಗೆ ಹೋಗಿ ಬೀಳುತ್ತವೆ. ಮೂಲ ಪೇಟೆಂಟಿನ ಸುಧಾರಣೆಗೆ ಸಿಗುವ ಪೇಟೆಂಟ್ ಆಫ್ ಅಡಿಷನ್‌ಗೆ ಅರ್ಜಿ ಬರೆಸುತ್ತಿದ್ದೇವೆ. ಸಂಶೋಧಕರ ಸಾಲಿನಲ್ಲಿ ಈ ಸಲ ಅವನೊಬ್ಬನದೇ ಹೆಸರು. ಅರ್ಜಿ ದಾಖಲಾಗುವವರೆಗೆ ತೊಟ್ಟಿಯ ಹತ್ತಿರ ಯಾರೂ ಮೊಬೈಲ್ ತೆಗೆಯಬಾರದೆಂದು ಅವನೇ ಉಳಿದವರಿಗೆ ತಾಕೀತು ಮಾಡಿದ್ದಾನೆ.